ನೋಡಿ ಬಂದು ಹೇಳ್ತೀನಿ

ನಾಲ್ಕನೆಯ ರಾತ್ರಿಯ ಊಟ ಮುಗಿಸಿಕೊಂಡು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ತೊರಿಕಾಗೆ ಎಚ್ಚರವಾದಾಗ ಮೂಲೆಯ ಯಂತ್ರ ಎಂದಿನಂತೆ ಗುಂಯ್‌ಗುಡುತ್ತಿತ್ತು. ಇನ್ನೇನು ಅದರ ಜೊತೆಗೆ ಕೀಲಿಗಳ ಟಪಟಪ ಕೇಳಿಸಬೇಕು ಎಂದು ಕಣ್ಣು ಮುಚ್ಚಿಕೊಂಡೇ ಕಾದಳು. ಯಾರಿಗಾಗಿ ಕಾಯುತ್ತಿದ್ದೇನೆಂದು ಹೊಳೆದ ಮೇಲೂ ಅಳು ಬರಲಿಲ್ಲ. ತಪ್ಪು ಮನೆಯ ಬಾಗಿಲು ತಟ್ಟಿದವಳಿಗೆ ಆಗುವಂಥ ಸಣ್ಣ ನಾಚಿಕೆಯಾಯಿತು, ಅಷ್ಟೆ. ಅಡುಗೆಯ ಕಡೆಯಿಂದ ಅತ್ತೆ ಸೆರುವಾಯಾ ಚಹಾಕ್ಕೆ ನಿಂಬೆ ಎಲೆ ಹಾಕಿ ಕುದಿಸುತ್ತಿದ್ದ ವಾಸನೆ ಬರುತ್ತಿತ್ತು. ದ್ವೀಪದ ಬಂದರೂರು ಲೆವುಕಾದ ಗುಡ್ಡದ ಮೆಟ್ಟಿಲುಗಳ ಮೇಲೆ ಶಾಲೆಯ ಮಕ್ಕಳು ಇಳಿದುಹೋಗುವ ಸದ್ದು. ಕೆಳಗೆ ಸಮುದ್ರದ ಬದಿಯ ರಸ್ತೆಯಲ್ಲಿ ಮೀನಿನ ಕಾರ್ಖಾನೆಯ ಲಾರಿ. ಎಲ್ಲವೂ ತನ್ನ ತನ್ನ ಕೆಲಸಕ್ಕೆ ಮರಳಿತ್ತು. ಚಾಪೆಯ ಮೇಲೆ ಚಾಪೆ ಹಾಸಿ, ಹೆಂಗಸರು ಸಾಲಾಗಿ ಕೂತು ಸ್ವರ ತೆಗೆದು ಅಳುತ್ತಿದ್ದಷ್ಟು ದಿನ, ಅವರ ನಡುವೆ ಅವಳೂ ಒಂದು ವಸ್ತುವಿನಂತೆ ಕೂತಿದ್ದಷ್ಟು ದಿನ, ಮುಂದೆ ಏನು ಮಾಡಬೇಕೆಂದು ಯಾರಾದರೂ ಹೇಳುತ್ತಿದ್ದರು. ಇವತ್ತು ಹೇಳುವವರಿಲ್ಲ. ನೂರು ರಾತ್ರಿ ಉಡಬೇಕಾದ ಕಪ್ಪು ಬಟ್ಟೆ ಮೊಳೆಯಲ್ಲಿ ತೂಗುತ್ತಿತ್ತು. ಅದನ್ನು ಉಡುವುದೂ ಒಂದು ಕೆಲಸ ಎಂದುಕೊಂಡು ಎದ್ದಳು.

ಯಂತ್ರವೆಂದರೆ ಮಂಡಿಯೆತ್ತರದ ಹಳೆಯ ಕಂಪ್ಯೂಟರ್ ಪೆಟ್ಟಿಗೆ. ಅದರೊಳಗೆ ಅವಳ ಗಂಡ ಇನೋಕೆಯ ವೆಬ್‌ಸೈಟ್ ಇತ್ತು. ವೆಬ್‌ಸೈಟ್ ಎಂದರೂ ಒಂದೇ ಪುಟ: ರಾಜಧಾನಿ ಸುವಾದಿಂದ ಹೊರಟ ಹಡಗು ಎಲ್ಲಿದೆ, ಲೆವುಕಾಕ್ಕೆ ಬಂದದ್ದು ಆಚೆಯ ಸಣ್ಣ ದ್ವೀಪಗಳಿಗೆ ಯಾವಾಗ ಹೊರಡುತ್ತದೆ, ಹೊರಡುತ್ತದೋ ಇಲ್ಲವೋ. ಅಂಚೆ ಕಚೇರಿಯ ಕೆಲಸಕ್ಕೆ ಹೋಗುವ ಮೊದಲು ದಿನಾ ಬೆಳಿಗ್ಗೆ ಅವನು ಧಕ್ಕೆಗೆ ನಡೆದು ಹೋಗುತ್ತಿದ್ದ. ಹವಳದ ದಂಡೆಯ ಬಾಯಿಯಲ್ಲಿ ಹಡಗು ಕಾಣುತ್ತದೆಯೇ ಎಂದು ನೋಡಿ, ಅಲ್ಲಿ ಮೂಟೆ ಹೊರುವವರನ್ನು ವಿಚಾರಿಸಿ, ಮನೆಗೆ ಬಂದು ಬರೆಯುತ್ತಿದ್ದ. ಹೊರಡುವಾಗ ಪುಟದ ಮೇಲೆ ಒಂದು ಸಾಲು ಹಾಕಿ ಹೋಗುವುದು ಅವನ ಅಭ್ಯಾಸ: 'ನೋಡಿ ಬಂದು ಹೇಳ್ತೀನಿ.' ಆ ದಿನವೂ ಹಾಗೆಯೇ ಹಾಕಿ ಹೋದ. ಧಕ್ಕೆಯ ಮೇಲೆ ಎದೆ ಹಿಡಿದುಕೊಂಡು ಹಗ್ಗದ ಸುರುಳಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಸುದ್ದಿ ತಂದವರು ಮೆಟ್ಟಿಲು ಹತ್ತಿ ಬಂದಾಗ ಅವಳು ಅವನ ಅಂಗಿಯ ಕಾಲರು ಉಜ್ಜುತ್ತಿದ್ದಳು. ಅವರು ಹೇಳಿದ್ದನ್ನು ಕೇಳಿಸಿಕೊಂಡು, ಕಾಲರನ್ನು ಪೂರ್ತಿ ಉಜ್ಜಿ, ಹಿಂಡಿ, ಹಗ್ಗಕ್ಕೆ ಹಾಕಿ, ಆಮೇಲೆ ಹೋದಳು. ಯಾಕೆ ಹಾಗೆ ಮಾಡಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಸಾವಿನ ಮನೆಗೆ ಬಂದ ಹೆಂಗಸರು ಪೆಟ್ಟಿಗೆಯನ್ನು ಗಿಡ್ಡ ಮೇಜು ಎಂದುಕೊಂಡು ಅದರ ಮೇಲೆ ಮರದ ತೊಗಟೆಯ ಚಿತ್ತಾರದ ಬಟ್ಟೆ ಹೊದಿಸಿ, ಒಂದು ಮಡಿಸಿದ ಚಾಪೆ ಇಟ್ಟು, ಅದರ ಮೇಲೆ ಇನೋಕೆಯ ಫೋಟೋ, ಹೂವು ಇಟ್ಟಿದ್ದರು. ಹೊದಿಕೆಯ ಒಳಗಿಂದಲೇ ಅದು ದುಡಿಯುತ್ತಿತ್ತು. ಚಹಾ ಬಟ್ಟಲು ಕೈಯಲ್ಲಿದ್ದಾಗ ಫೋನು ಹೊಡೆದುಕೊಂಡಿತು.

"ತೊರಿಕಾ ಅವರಾ? ನಾನು ಮಕೆರೆಟಾ, ಆಚೆ ದ್ವೀಪದಿಂದ. ಇಂಥ ಹೊತ್ತಲ್ಲಿ ಫೋನ್ ಮಾಡ್ತಿದೀನಿ ಅಂತ ತಪ್ಪು ತಿಳ್ಕೋಬೇಡಿ."

"ಇಲ್ಲ, ಹೇಳಿ."

"ಏನಿಲ್ಲ, ಪುಟದಲ್ಲಿ ಇನ್ನೂ ಹಾಗೇ ಬರ್ತಿದೆ, ನೋಡಿ ಬಂದು ಹೇಳ್ತೀನಿ ಅಂತ. ನಮಗೆ ಸುದ್ದಿ ಗೊತ್ತಿರ್ಲಿಲ್ಲ. ಇನೋಕೆ ಹೇಳ್ತೀನಿ ಅಂದ್ಮೇಲೆ ಹೇಳೇ ಹೇಳ್ತಾನೆ ಅಂತ ನಮ್ಮ ಮನೆಯೋರು ಮೀನೆಲ್ಲ ದಡಕ್ಕೆ ತಂದು ಕಾಯ್ತಾ ಕೂತಿದ್ರು."

"ಮೀನು ಏನಾಯ್ತು?"

"ಅಯ್ಯೋ ಬಿಡಿ. ಹಂದಿಗೆ ಹಾಕಿದ್ವಿ. ಹಂದಿಗಳು ಇನೋಕೆ ಹೆಸರು ಹೇಳ್ಕೊಂಡು ತಿಂದ್ವು." ಮಕೆರೆಟಾ ನಕ್ಕು, ನಕ್ಕದ್ದಕ್ಕೆ ತಾನೇ ಹೆದರಿದಳು. "ನಾನು ಫೋನ್ ಮಾಡಿದ್ದು ಅದಕ್ಕಲ್ಲ. ನಮ್ಮತ್ತೆ ಕಾಲಿನ ಗಾಯ ಕೆಟ್ಟಿದೆ. ನಿಮ್ಮೂರ ಆಸ್ಪತ್ರೆಗೆ ತರ್ಬೇಕು. ಮನೆಯಿಂದ ದಡಕ್ಕೆ ಹೊತ್ಕೊಂಡೇ ಬರ್ಬೇಕು ಅವರನ್ನ. ಹಡಗು ಬರ್ದೇ ಹೋದ್ರೆ ಮತ್ತೆ ಗುಡ್ಡ ಹತ್ತಿಸೋಕಾಗಲ್ಲ. ಈ ಶನಿವಾರ ಬರತ್ತಾ ಇಲ್ವಾ ಅಂತ ಪುಟದಲ್ಲಿ ಯಾರಾದ್ರೂ ಹಾಕಿದ್ರೆ ಸಾಕಿತ್ತು. ನೀವೇ ಹಾಕ್ಬೇಕು ಅಂತಲ್ಲ."

ಹಾಕುತ್ತೇನೆ ಎಂದು ತೊರಿಕಾ ಹೇಳಿದ್ದು ಮಾತು ಮುಗಿಸುವ ಸಲುವಾಗಿ. ಹಾಕಬೇಕೆಂದರೆ ಆ ಸಾಲನ್ನು ಅಳಿಸಬೇಕು. ಫೋನಿನಲ್ಲಿ ಪುಟ ತೆರೆದಳು. ನೋಡಿ ಬಂದು ಹೇಳ್ತೀನಿ. ಅವನು ಬರೆದದ್ದರಲ್ಲಿ ಕೊನೆಯದು, ಅವಳಿಗೆಂದು ಬರೆದದ್ದಲ್ಲ, ಆದರೂ. ಬೆರಳು ಆ ಸಾಲಿನ ಮೇಲೆ ಇದ್ದಾಗಲೇ ಕೋಣೆಯಲ್ಲಿ ಏನೋ ಆಯಿತು. ಏನೆಂದು ಮೊದಲು ತಿಳಿಯಲಿಲ್ಲ. ಸಮುದ್ರದ ಸದ್ದು ಒಮ್ಮೆಗೇ ಹತ್ತಿರ ಬಂದಂತೆ, ಗೋಡೆಗಳು ಒಂದೊಂದು ಹೆಜ್ಜೆ ಹಿಂದೆ ಸರಿದಂತೆ. ಪರದೆಯ ಮೇಲೆ ಪುಟವಿರಲಿಲ್ಲ, ಬರೀ ಬಿಳುಪು.

"ಏನಾಯ್ತು ಮಗಾ?" ಅತ್ತೆ ಒಳಗೆ ಓಡಿಬಂದಳು. "ಏನೋ ನಿಂತ್‌ಹೋಯ್ತಲ್ಲ?"

ಅತ್ತೆಯೂ ಅಷ್ಟು ದಿನ ಅದನ್ನೇ ಕೇಳುತ್ತ ಬದುಕಿದ್ದಳೆಂದು ತೊರಿಕಾಗೆ ಆಗ ತಿಳಿಯಿತು. ಇಬ್ಬರೂ ಹೊದಿಕೆಯ ಎದುರು ನಿಂತರು. ಫೋಟೋದಲ್ಲಿ ಇನೋಕೆ ಅಂಚೆಯವರ ಅಂಗಿ ತೊಟ್ಟು ನಗುತ್ತಿದ್ದ. ಯಂತ್ರದ ಈ ಸದ್ದನ್ನು ತೊರಿಕಾ ದ್ವೇಷಿಸಿದ್ದಳು. ಸೆಕೆಯ ತಿಂಗಳಲ್ಲಿ, ಕಿಟಕಿಯಿಂದ ಗಾಳಿಯೂ ಬಾರದ ಒಂದು ರಾತ್ರಿ ಎದ್ದುಹೋಗಿ ಗೋಡೆಯಿಂದ ಅದರ ತಂತಿ ಕಿತ್ತು ಬಂದು ಮಲಗಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಇನೋಕೆ ತಂತಿ ಮತ್ತೆ ಸಿಕ್ಕಿಸಿ, ಹಲ್ಲುಜ್ಜುತ್ತ ನಿಂತಿದ್ದ. "ಇಲಿ ಬಂದಿತ್ತು ಅನ್ಸತ್ತೆ," ಎಂದ. ಬಯ್ದಿದ್ದರೆ ಅವಳೂ ಬಯ್ಯಬಹುದಿತ್ತು. ಇಲಿಯ ಮೇಲೆ ಹಾಕಿ ಅವನು ಅವಳನ್ನು ಪಾರು ಮಾಡಿದ ರೀತಿಗೆ ಅವಳಿಗೆ ದಿನವಿಡೀ ಮೈ ಉರಿದಿತ್ತು. ಈಗ ಅದು ತಾನಾಗಿ ನಿಂತಿದೆ, ಮತ್ತೆ ಸಿಕ್ಕಿಸಲು ಅವನಿಲ್ಲ. ಅವಳು ತಂತಿ ಸಿಕ್ಕಿಸಿ ನೋಡಿದಳು, ಗುಂಡಿ ಒತ್ತಿ ನೋಡಿದಳು. ಪೆಟ್ಟಿಗೆ ಮುಟ್ಟಿದರೆ ಸುಡುತ್ತಿತ್ತು, ಜ್ವರ ಬಂದ ಮಗುವಿನ ಬೆನ್ನಿನ ಹಾಗೆ.

ಅತ್ತೆ ಪೆನಾಯಾನಿಗೆ ಹೇಳಿಕಳಿಸಿದಳು. ಪೆನಾಯಾ ಇನೋಕೆಯ ಸೋದರತ್ತೆಯ ಮಗ, ಈ ಕಡೆಯ ಮಾತಿನಲ್ಲಿ ತವಲೆ. ತವಲೆಗಳು ಒಬ್ಬರನ್ನೊಬ್ಬರು ಹಂಗಿಸದೆ ಮಾತಾಡಿದರೆ ಏನೋ ಜಗಳವಾಗಿದೆ ಎಂದೇ ಊರಿನವರು ತಿಳಿಯುತ್ತಾರೆ. ಇವರಿಬ್ಬರೂ ಬೀದಿಯ ಆ ಬದಿ ಈ ಬದಿ ನಿಂತು ಬಯ್ದುಕೊಳ್ಳುವುದನ್ನು ನೋಡಿ, ಮದುವೆಯಾದ ಹೊಸದರಲ್ಲಿ ತೊರಿಕಾ ಹೆದರಿದ್ದಳು. ಆದರೆ ತವಲೆಯ ಹೆಂಡತಿ ತಂಗಿಯ ಲೆಕ್ಕ. ಅವಳ ಎದುರು ಪೆನಾಯಾ ಮುಖವೆತ್ತಿ ಮಾತಾಡುವಂತಿರಲಿಲ್ಲ, ತಮಾಷೆಯಂತೂ ಇಲ್ಲವೇ ಇಲ್ಲ. ಮಣ್ಣು ಮಾಡುವಾಗ ಕೂಡ ಅವನು ಗುಂಡಿಯ ಅಂಚಿನಲ್ಲಿ ನಿಂತು, "ಲೋ, ಇನ್ಮೇಲೆ ಈ ಊರಲ್ಲಿ ನನ್ನ ಬಯ್ಯೋರು ಯಾರೋ?" ಎಂದು ಕೂಗಿ ಅತ್ತನೇ ಹೊರತು ಅವಳ ಬಳಿ ಒಂದು ಮಾತು ಆಡಲಿಲ್ಲ.

ಈಗ ಅವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ತಗ್ಗಿದ ಬೋಳುತಲೆಯೊಂದಿಗೆ ಒಳಗೆ ಬಂದು, ನೆಲದ ಮೇಲೆ ಕೂತು, ಯಂತ್ರದ ಕಡೆ ತಿರುಗಿದ.

"ಏನೋ ಕೊಬ್ಬಿದ ಹಂಡೆ, ಯಜಮಾನ ಮಲಗ್ದ ಅಂತ ನೀನೂ ಮಲಗ್‌ಬಿಟ್ಯಾ?"

ಅತ್ತೆ ಬಾಯಿಗೆ ಅಂಗೈ ಒತ್ತಿಕೊಂಡಳು. ಅವಳು ನಗುತ್ತಿದ್ದಳು.

"ಅಲ್ಲ ಅತ್ತೆ, ಮೂಗಿನ ಮೇಲೆ ಚಾಪೆ ಹೊದಿಸಿದ್ರೆ ಯಾರು ತಾನೆ ಉಸಿರಾಡ್ತಾರೆ? ಇದಕ್ಕೂ ನಾಲ್ಕು ರಾತ್ರಿ ಕೂತ್ಕೊಂಡು ಅತ್ರಾ ಎಲ್ಲ?" ಫೋಟೋವನ್ನು ಎರಡೂ ಕೈಯಲ್ಲಿ ತೆಗೆದು ಅತ್ತೆಗೆ ಕೊಟ್ಟ. ಹೊದಿಕೆ ಮಡಿಸಿದ. ಪಕ್ಕದ ತಗಡು ಬಿಚ್ಚಿ, ಕೆನ್ನೆ ಉಬ್ಬಿಸಿ ಊದಿದಾಗ ಒಳಗಿಂದ ಬೂದುಬಣ್ಣದ ದೂಳು ಎದ್ದು ಅವನ ಮುಖಕ್ಕೇ ಬಡಿಯಿತು. "ಥೂ. ಇನೋಕೆಯ ಬುದ್ಧಿನೇ ಇದಕ್ಕೂ."

ಯಂತ್ರವನ್ನು ಆರಲು ಬಿಟ್ಟು, ಎಲ್ಲರೂ ಚಹಾ ಕುಡಿದ ಮೇಲೆ ಅದು ಮತ್ತೆ ಹೊರಟಿತು, ಮೊದಲಿನ ಸದ್ದಿನಲ್ಲಲ್ಲ, ಗಂಟಲು ಕಟ್ಟಿದ ಹಾಗೆ. ಪುಟ ಮತ್ತೆ ಬಂತು. ತೊರಿಕಾ ಅತ್ತೆಯ ಕಡೆ ನೋಡುತ್ತ, ಪೆನಾಯಾಗೆ ಕೇಳಿಸಲೆಂದು, ಅಂದಳು: "ಇದು ಮತ್ತೆ ನಿಲ್ಲತ್ತೆ ಅತ್ತೆ. ಶನಿವಾರದೊಳಗೆ ಪುಟನ ಬೇರೆ ಕಡೆ ಸಾಗಿಸ್ಬೇಕು. ಆವತ್ತೇ ಸಾಗಿಸ್ಬೇಕಿತ್ತು. ನಾನು ಹೇಳಿದ್ದೆ."

ನಾನು ಹೇಳಿದ್ದೆ. ಬಾಯಿಂದ ಬಿದ್ದ ಮೇಲೆ ಅದರ ರುಚಿ ನಾಲಿಗೆಯಲ್ಲಿ ಉಳಿಯಿತು. ಹೌದು, ಹೇಳಿದ್ದಳು. ಒಂದು ಭಾನುವಾರ, ಚರ್ಚು ಮುಗಿದು ಎಲ್ಲ ಒಟ್ಟಿಗೆ ಊಟಕ್ಕೆ ಕೂತಾಗ, ಸುವಾದ ವಿಶ್ವವಿದ್ಯಾಲಯದಲ್ಲಿ ಇದನ್ನೇ ಓದಿ ಬಂದವಳೆಂಬ ಹಮ್ಮಿನಲ್ಲಿ, ಇನೋಕೆಯ ನೆಂಟರೆದುರಿಗೆ ಹೋಸ್ಟಿಂಗ್ ಎಂದರೇನೆಂದು ವಿವರಿಸಿದ್ದಳು. ವೆಬ್‌ಸೈಟಿಗೆ ಒಂದು ಮನೆ ಬೇಕು, ಮನೆಯ ಮೂಲೆಯ ಪೆಟ್ಟಿಗೆ ಮನೆಯಲ್ಲ. ಬೇರೆಯವರ ದೊಡ್ಡ ಯಂತ್ರದಲ್ಲಿ ನೂರಾರು ಸೈಟುಗಳ ಜೊತೆ ಜಾಗ ಹಂಚಿಕೊಳ್ಳಬಹುದು. ಅದು ಅಗ್ಗ, ಆದರೆ ಪಕ್ಕದವನ ಮನೆಗೆ ಜಾತ್ರೆ ಬಂದರೆ ನಿಮ್ಮ ಬಾಗಿಲೂ ತೆರೆಯಲಾಗುವುದಿಲ್ಲ. ಅದೇ ಯಂತ್ರದೊಳಗೆ ಗೋಡೆ ಎಬ್ಬಿಸಿ ನಿಮ್ಮದೇ ಕೋಣೆ ಮಾಡಿಸಿಕೊಳ್ಳಬಹುದು. ಇಡೀ ಯಂತ್ರವನ್ನೇ ಹಿಡಿಯಬಹುದು. ಇಲ್ಲವೇ ಹಲವು ಊರುಗಳ ಯಂತ್ರಗಳಲ್ಲಿ ಹರಡಿ ಇಡಬಹುದು, ಒಂದು ಕಡೆಯ ಮಾಡು ಬಿರುಗಾಳಿಗೆ ಹಾರಿದರೆ ಇನ್ನೊಂದು ಕಡೆ ಇರುತ್ತದೆ. ಅವಳ ಆಯ್ಕೆ ಗೋಡೆ ಎಬ್ಬಿಸಿದ ಕೋಣೆಯಾಗಿತ್ತು. "ಸಾವಿರ ಜನ ಒಟ್ಟಿಗೆ ಬಂದ್ರೆ ಏನ್ ಮಾಡ್ತೀಯಾ?" ಎಂದು ಕೇಳಿದ್ದಳು. ಇನೋಕೆ ಗೆಣಸು ನುಂಗಿ, "ಆ ದ್ವೀಪದಲ್ಲಿ ಸಾವಿರ ಜನ ಇಲ್ಲ ತೊರಿಕಾ, ಹಂದಿ ಸೇರಿಸಿದ್ರೂ," ಎಂದ. ಎಲ್ಲರೂ ನಕ್ಕರು. ನಕ್ಕ ಮೇಲೆ ಅವನು, "ಆದ್ರೆ ಅವಳು ಹೇಳೋದೇ ಸರಿ," ಎಂದ. ಹೇಳಿ, ಆ ಪೆಟ್ಟಿಗೆಯನ್ನೇ ಇಟ್ಟುಕೊಂಡ. ಓದಿದವಳನ್ನು ಮದುವೆಯಾಗಿ ಓದಿಗೆ ಕಿವಿಗೊಡದವನು ಎಂದು ಅವಳು ಅದನ್ನು ಎಣಿಸಿಟ್ಟುಕೊಂಡಿದ್ದಳು.

ಪೆನಾಯಾ ತಗಡಿನ ತಿರುಪು ಬಿಗಿಮಾಡುತ್ತ ಯಂತ್ರಕ್ಕೆ ಹೇಳಿದ: "ನಿನ್ನ ಇಲ್ಲಿಗೆ ತಂದಿದ್ದೇ ಸುಳ್ಳಿಗೆ ಕಣೋ. ಗೊತ್ತಾ ನಿಂಗೆ?"

ಇನ್ನೊಂದು ತಿರುಪಿಗೆ ಕೈ ಹಾಕಿದ.

"ನನ್ನ ಇಂಟರ್ನೆಟ್ ಅಂಗಡಿ ಮುಚ್ಚಿದ ದಿನ. ಎಲ್ಲರ ಕೈಗೂ ಫೋನ್ ಬಂತು, ನನ್ನಂಗಡಿಗೆ ನೊಣ ಬಂತು. ನಿಮ್ಮನ್ನೆಲ್ಲ ಗುಜರಿಯವನು ಬಂದು ತೂಕಕ್ಕೆ ಹಾಕ್ಕೊಂಡು ಹೋಗೋನಿದ್ದ. ನಾನು ಬಾಗಿಲು ಅರ್ಧ ಎಳ್ಕೊಂಡು ಒಳಗೆ ಕೂತಿದ್ದೆ. ಊರೋರೆಲ್ಲ ಬಂದು ಅಯ್ಯೋ ಪಾಪ ಅಂದ್ರು. ಈ ಕತ್ತೆ ಇನೋಕೆ ಬಂದ. ಬಗ್ಗಿ ಒಳಗೆ ಬಂದು, 'ಲೋ ಬೋಳು ಆಮೆ, ಇಷ್ಟು ಕಂಪ್ಯೂಟರ್ ಇಟ್ಕೊಂಡು ಬಡವನ ಥರ ನಾಟಕ ಆಡ್ತೀಯಾ? ಕೆರೆಕೆರೆ, ಅದರಲ್ಲಿ ದೊಡ್ಡದು ನನಗೆ ಕೊಡು. ಅದಿಲ್ದೆ ನನ್ನ ವೆಬ್‌ಸೈಟ್ ನಡೆಯಲ್ಲ,' ಅಂದ."

ಕೆರೆಕೆರೆ ಎಂದು ಕೇಳಿದ ಮೇಲೆ ಇಲ್ಲವೆನ್ನುವಂತಿಲ್ಲ. ಕೊಟ್ಟದ್ದನ್ನು ಕೊಟ್ಟವನು ಮತ್ತೆ ಕೇಳುವಂತಿಲ್ಲ. ತೊರಿಕಾಗೆ ಅದು ಗೊತ್ತಿತ್ತು. ಅವಳ ಒಳ್ಳೆಯ ಕೊಡೆ, ಇಸ್ತ್ರಿಪೆಟ್ಟಿಗೆ ಹಾಗೆಯೇ ಈ ಮನೆಯಿಂದ ಹೊರಟುಹೋಗಿದ್ದವು.

"ಅವನ ಪುಟ ಒಂದು ಚಮಚದಲ್ಲಿ ಹಿಡಿಸತ್ತೆ. ನೀನು ಹಂಡೆ. ನಂಗೆ ಗೊತ್ತಿರ್ಲಿಲ್ವಾ? ಆದ್ರೆ ಕೇಳಿದ್ನಲ್ಲ. ಆವತ್ತು ಊರಲ್ಲಿ ನನ್ನ ಹತ್ರ ಏನೋ ಇದೆ ಅಂತ ಕೇಳ್ಕೊಂಡು ಬಂದೋನು ಅವನೊಬ್ನೇ." ಪೆನಾಯಾ ಎದ್ದ. ಅತ್ತೆಯ ಎದುರು ಮೈ ಬಗ್ಗಿಸಿ ದಾಟಿ, ಚಪ್ಪಲಿ ಮೆಟ್ಟಿಕೊಂಡು, ಹಿಂದೆ ನೋಡದೆ ಮೆಟ್ಟಿಲಿಳಿದು ಹೋದ.

ತೊರಿಕಾ ಯಂತ್ರದ ಎದುರು ಕೂತಳು. ಅವನ ಕುರ್ಚಿಯಲ್ಲಿ ಇದೇ ಮೊದಲು. ಅದು ಬಲಕ್ಕೆ ವಾಲುತ್ತಿತ್ತು, ಅವಳ ಮೈಯೂ ಅವನದರ ಹಾಗೆ ಬಲಕ್ಕೆ ವಾಲಿತು. ಇಷ್ಟು ವರ್ಷ ಇದೇ ಸದ್ದಿನಲ್ಲಿ ಅವನು ಒಬ್ಬ ಗೆಳೆಯನ ಮಾನವನ್ನು ಮನೆಯ ಮೂಲೆಯಲ್ಲಿ ಇಟ್ಟು ಸಾಕಿದ್ದ. ತನಗೆ ಹೇಳಬಹುದಿತ್ತಲ್ಲ. ಹೇಳಿದ್ದರೆ ತಾನು ಏನೆನ್ನುತ್ತಿದ್ದೆ? ಅದಕ್ಕೂ ಒಂದು ಗಟ್ಟಿ ಸಲಹೆ ಕೊಡುತ್ತಿದ್ದೆ. ಪುಟದ ಕಡತಗಳನ್ನು ತೆರೆದು ನೋಡಿದಳು. ನಿಜ, ಒಂದು ಚಮಚದಷ್ಟೂ ಇರಲಿಲ್ಲ. ಚಿತ್ರವಿಲ್ಲ, ಬಣ್ಣವಿಲ್ಲ, ಆಚೆಯ ದ್ವೀಪಗಳಲ್ಲಿ ಸಿಗ್ನಲ್ ಬರುವುದು ಒಂದೆರಡು ತೆಂಗಿನ ಮರಗಳ ಕೆಳಗೆ ಮಾತ್ರ ಎಂದು ತಿಳಿದವನು ಬರೆದ ಪುಟ. ಗೋಡೆ ಎಬ್ಬಿಸಿದ ಕೋಣೆ ಬೇಕೆಂದು ಅವಳು ಹೇಳಿದ್ದೂ ತಪ್ಪೇ. ಆ ಕೋಣೆಯನ್ನು ಗುಡಿಸಲು, ಬೀಗ ಹಾಕಲು, ರಿಪೇರಿ ಮಾಡಲು ಮನೆಯವರೇ ಬೇಕು. ಅದು ತಿಳಿದವರಿಗೆ, ಬಿಡುವಿದ್ದವರಿಗೆ. ಇಡೀ ಯಂತ್ರವಂತೂ ಈ ಮೂಲೆಯಲ್ಲೇ ಇದೆ, ಅದರ ಗತಿಯೂ ಕಂಡಾಯಿತು. ಪುಟ ಎಂಥದ್ದು, ಅದನ್ನು ನೋಡುವವರು ಯಾರು, ಮನೆಯಲ್ಲಿ ಯಾರಾದರೂ ಸತ್ತರೆ ಅದನ್ನು ಎಚ್ಚರವಾಗಿಡುವವರು ಯಾರು ಎಂದು ಆ ಭಾನುವಾರ ಅವಳು ಕೇಳಿಕೊಳ್ಳಲೇ ಇಲ್ಲ. ಇದಕ್ಕೆ ಬೇಕಾದ್ದು ಎಲ್ಲಕ್ಕಿಂತ ಚಿಕ್ಕದು: ಯಾವುದೋ ಊರಿನ ದೊಡ್ಡ ಯಂತ್ರದಲ್ಲಿ ಗುರುತಿಲ್ಲದ ನೂರಾರು ಪುಟಗಳ ಮಧ್ಯೆ ಒಂದು ಚಾಪೆಯಗಲ ಜಾಗ. ಅಲ್ಲಿ ದೀಪ ಆರದಂತೆ ನೋಡಿಕೊಳ್ಳುವ ಬೇರೆ ಯಾರೋ ಇರುತ್ತಾರೆ. ಪಕ್ಕದಲ್ಲಿ ಯಾವ ಪುಟ ಮಲಗಿರುತ್ತದೋ. ಯಾರದೋ ಬೇಕರಿ, ಯಾರದೋ ಮದುವೆ. ಇಷ್ಟು ದಿನ ಮನೆಯ ತುಂಬ ಗುರುತಿಲ್ಲದ ಹೆಂಗಸರು ಮಗ್ಗುಲಿಗೆ ಮಗ್ಗುಲು ಮಲಗಿದ್ದಾಗ, ಯಾರದೋ ಕಾಲು ತನ್ನ ಕಾಲಿಗೆ ತಗುಲುತ್ತಿದ್ದಾಗ ಮಾತ್ರ ತನಗೆ ನಿದ್ದೆ ಬಂದಿತ್ತು ಎನ್ನುವುದು ನೆನಪಾಯಿತು.

ಸುವಾದಲ್ಲಿ ಅಂಥ ಜಾಗ ಕೊಡುವವರಲ್ಲಿ ಚಿಕ್ಕದನ್ನು ಹಿಡಿದಳು. ಪುಟವನ್ನು ಅಲ್ಲಿಗೆ ಕಳಿಸಿ, ಪುಟದ ಹೆಸರು ಒತ್ತಿದವರೆಲ್ಲ ಹೊಸ ಮನೆಗೆ ಹೋಗಿ ಮುಟ್ಟುವವರೆಗೆ ಎರಡು ಕಡೆಯೂ ಇರಲೆಂದು ಹಳೆಯದನ್ನು ಓಡಲು ಬಿಟ್ಟಳು. ಆ ಸಾಲಿನ ಹತ್ತಿರ ಬಂದಾಗ ಕೈ ನಿಂತಿತು. ಕಳಿಸುವಾಗ ಅದೂ ಹೋಗಿತ್ತು, ಅಲ್ಲಿಯೂ ಅದೇ: ನೋಡಿ ಬಂದು ಹೇಳ್ತೀನಿ. ಎಷ್ಟೋ ಹೊತ್ತು ನೋಡಿದಳು. ಅಳಿಸಲಿಲ್ಲ. ಅದರಲ್ಲಿ ಸುಳ್ಳಾದದ್ದು ಏನೂ ಇರಲಿಲ್ಲ, ಯಾರಾದರೂ ಹೋಗಿ ನೋಡಿ ಬಂದರೆ.

ಶನಿವಾರ ಬೆಳಿಗ್ಗೆ ಕಪ್ಪು ಉಟ್ಟು ಧಕ್ಕೆಗೆ ಹೋದಳು. ಅಲ್ಲಿಯವರೆಗೆ ಆ ಕಡೆ ಮುಖ ಹಾಕಿರಲಿಲ್ಲ. ಹಗ್ಗದ ಸುರುಳಿ ಅಲ್ಲೇ ಇತ್ತು. ಮೂಟೆ ಹೊರುವವರು ಅವಳನ್ನು ಕಂಡು ದಾರಿ ಬಿಟ್ಟರು. ಒಬ್ಬ ಮುದುಕ, "ಬರ್ತಿದೆ ನೋಡು, ಬಸುರಿ ಹಾಗೆ," ಎಂದು ಕೈ ತೋರಿಸಿದ. ದಂಡೆಯ ಬಾಯಿಯಲ್ಲಿ ಹಡಗು ಒಂದು ಬದಿಗೆ ವಾಲಿಕೊಂಡು ಬರುತ್ತಿತ್ತು. ಅವಳು ಅಲ್ಲೇ ನಿಂತು ಫೋನಿನಲ್ಲಿ ಬರೆದಳು: ಹಡಗು ಬಂತು. ಮಧ್ಯಾಹ್ನ ಆಚೆ ದ್ವೀಪಗಳಿಗೆ ಹೊರಡತ್ತೆ. ಕಾಲು ನೋವಿನವರನ್ನ ಕರ್ಕೊಂಡು ಬನ್ನಿ. ಸ್ವಲ್ಪ ಹೊತ್ತಿಗೆ ಮಕೆರೆಟಾ ಫೋನ್ ಮಾಡಿ, ಹೊತ್ತುಕೊಂಡು ಇಳಿಯುತ್ತಿದ್ದೇವೆ, ಅತ್ತೆ ದಾರಿಯುದ್ದಕ್ಕೂ ಬಯ್ಯುತ್ತಿದ್ದಾಳೆ, ಬಯ್ಯುತ್ತಿದ್ದಾಳೆಂದರೆ ಗಟ್ಟಿ ಇದ್ದಾಳೆ ಎಂದಳು.

ಮನೆಗೆ ಬಂದು ತೊರಿಕಾ ಯಂತ್ರವನ್ನು ಆರಿಸಿದಳು. ಈ ಸಲ ಅವಳೇ, ತಂತಿ ಕಿತ್ತಲ್ಲ, ಮಾಡಬೇಕಾದ ಹಾಗೆ. ತೊಗಟೆಯ ಬಟ್ಟೆಯಲ್ಲಿ ಅದನ್ನು ಸುತ್ತಿದಳು.

"ಎಲ್ಲಿಗೆ?" ಅತ್ತೆ ಕೇಳಿದಳು.

"ಪೆನಾಯಾ ಅಂಗಡಿಗೆ. ಅವರದ್ದು ಅವರಿಗೆ."

"ಹುಚ್ಚು ಹಿಡೀತಾ? ಕೆರೆಕೆರೆ ಕೇಳಿ ತಂದದ್ದನ್ನ ಯಾರಾದ್ರೂ ವಾಪಸ್ ಕೊಡ್ತಾರಾ? ನನ್ನ ಮಗ ಹೋದ, ಇನ್ನು ನಿಮ್ಮ ಹಂಗು ಬೇಡ ಅಂದ ಹಾಗೆ ಅದು. ಆ ಹುಡುಗನ ಮುಖಕ್ಕೆ ಹೊಡೆದ ಹಾಗೆ."

ಅವಳಿಗೂ ಅದು ಗೊತ್ತಿತ್ತು. ಆದರೆ ಸದ್ದಿಲ್ಲದ ಪೆಟ್ಟಿಗೆಯ ಮೇಲೆ ಹೂವಿಟ್ಟು ಅದನ್ನು ಮತ್ತೆ ಗಿಡ್ಡ ಮೇಜು ಮಾಡುವುದು ಅವಳಿಂದಾಗುತ್ತಿರಲಿಲ್ಲ. ಹೆಗಲಿಗೆ ಹೊತ್ತು ಮೆಟ್ಟಿಲಿಳಿದಳು. ಪ್ರತಿ ಮೆಟ್ಟಿಲಿಗೂ ಒಳಗೆ ಏನೋ ಸಡಿಲವಾದದ್ದು ಕುಟುಕುಟು ಎನ್ನುತ್ತಿತ್ತು. ಪೆನಾಯಾನ ಅಂಗಡಿಯಲ್ಲಿ ಈಗ ಗೆಣಸು, ತೆಂಗಿನಕಾಯಿ, ಬ್ರೆಡ್ಡು. ಅವನು ಗೆಣಸಿನ ಕಟ್ಟು ಕಟ್ಟುತ್ತಿದ್ದವನು ಎದ್ದು ನಿಂತ. ಅವಳ ಕಾಲು ನೋಡಿದ, ಅವಳು ಹಲಗೆಯ ಮೇಲೆ ಇಳಿಸಿದ್ದರ ಆಕಾರ ನೋಡಿದ. ಬಟ್ಟೆ ಸರಿಸುವ ಅಗತ್ಯವಿರಲಿಲ್ಲ. ಕೈಯಲ್ಲಿದ್ದ ಗೆಣಸಿನ ಕಟ್ಟನ್ನು ಕೆಳಗಿಟ್ಟ.

"ಯಾಕೆ ಬಂದೆ?" ಎಂದು ಪೆಟ್ಟಿಗೆಯನ್ನು ಕೇಳಿದ. ದನಿಯಲ್ಲಿ ತಮಾಷೆ ಇರಲಿಲ್ಲ. "ಸಾಕಾಯ್ತಾ ಅವರಿಗೆ?"

ತೊರಿಕಾ ಅವನ ಕಡೆ ನೋಡಲಿಲ್ಲ. ಬೀದಿಯಾಚೆ ಸಮುದ್ರವಿತ್ತು, ಅದನ್ನು ನೋಡಿದಳು.

"ಇನೋಕೆ ಹೇಳಿಕಳ್ಸಿದಾರೆ," ಎಂದಳು. "ಲೋ ಬೋಳು ಆಮೆ, ನಿನ್ನ ಹಂಡೆ ನೀನೇ ಇಟ್ಕೋ. ಬಿಟ್ಟಿ ಕೊಟ್ಟೆ ಅಂತ ತಂದ್ರೆ ರಾತ್ರಿಯೆಲ್ಲ ಗೊರಕೆ ಹೊಡ್ದು ನನ್ನ ಹೆಂಡತಿಗೆ ನಿದ್ದೆ ಕೊಡಲಿಲ್ಲ. ಈಗ ನಿಲ್ಸಿ ನಿದ್ದೆ ಕೊಡ್ತಿಲ್ಲ. ನೀನು, ನಿನ್ನ ಪೆಟ್ಟಿಗೆ, ಎರಡೂ ಒಂದೇ ಜಾತಿ."

ಅಂಗಡಿಯಲ್ಲಿ ಕೊಳ್ಳಲು ನಿಂತಿದ್ದ ಇಬ್ಬರು ಹೆಂಗಸರು ಬಾಯಿ ತೆರೆದು ನೋಡಿದರು. ತಂಗಿಯ ಲೆಕ್ಕದವಳು, ಕಪ್ಪು ಉಟ್ಟವಳು. ಪೆನಾಯಾ ಅಲುಗಾಡಲಿಲ್ಲ. ತಾನು ಎಲ್ಲವನ್ನೂ ಕೆಡಿಸಿದೆ ಎಂದು ಅವಳಿಗೆ ಅನ್ನಿಸುವಷ್ಟು ಹೊತ್ತು ಅಲುಗಾಡಲಿಲ್ಲ. ಆಮೇಲೆ ಅವನ ಎದೆಯಿಂದ ಒಂದು ಸದ್ದು ಹೊರಟಿತು, ನಗುವೋ ಅಳುವೋ ಅವನಿಗೂ ತಿಳಿಯದಂಥದ್ದು.

"ಸೋಮಾರಿ," ಎಂದ ಪೆನಾಯಾ. "ಸತ್ತ ಮೇಲೂ ಮಾತು ಹೆಂಡತಿ ಕೈಲಿ ಹೊರಿಸ್ತಾನೆ." ಮುಂಗೈಯಲ್ಲಿ ಮೂಗೊರೆಸಿಕೊಂಡ. "ಅವನಿಗೆ ಹೇಳು ತಂಗೀ, ಬ್ರೆಡ್ಡಿನ ಹುಳ ಅವನು ಅಂತ. ನಾಳೆನೂ ಬಂದು ಹೇಳು."

ಆಮೇಲೆ ಹಲಗೆಯ ಹಿಂದೆ ನೆಲದ ಮೇಲೆ ಕೂತು, ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡು, ದೊಡ್ಡ ಕಾಣಿಕೆ ಸ್ವೀಕರಿಸುವವರು ಮಾಡುವ ಹಾಗೆ ಅಂಗೈಗಳನ್ನು ಬೊಗಸೆಯಾಗಿ ಕೂಡಿಸಿ ನಿಧಾನವಾಗಿ ತಟ್ಟಿದ. ಟೊಳ್ಳಾದ, ಆಳವಾದ ಸದ್ದು; ನಿಂತಿತು, ಮತ್ತೆ ಬಂತು. ಅದು ಪೂರ್ತಿ ಮುಗಿಯುವವರೆಗೂ ತೊರಿಕಾ ಬಾಗಿಲಲ್ಲಿ ನಿಂತು ಕೇಳಿದಳು.